ಕೀ ಆಫ್ ಮಾಡಿದರೆ ಮಾಯವಾಗುವ ದೋಷ: ಹಳೆಯ ಪಿಕಪ್‌ನ ಆಟೋಮ್ಯಾಟಿಕ್ ಗೇರ್‌ಬಾಕ್ಸ್

ಓದುಗರ ಪ್ರಶ್ನೆ – ವಾಹನ ವಿಭಾಗ

ಪ್ರಶ್ನೆ: ನಾನು ಶ್ರೀನಿವಾಸಪುರ ತಾಲ್ಲೂಕಿನ ರೈತ, ಟೊಮೆಟೊ ಮತ್ತು ಮಾವು ಬೆಳೆಯುತ್ತೇನೆ. ನಾಲ್ಕು ವರ್ಷಗಳ ಹಿಂದೆ ಎರಡನೆಯ ಮಾಲೀಕನಾಗಿ ಕೊಂಡ, ಈಗ 2,10,000 ಕಿ.ಮೀ. ದಾಟಿರುವ, 6 ಗೇರಿನ ಆಟೋಮ್ಯಾಟಿಕ್ ಡೀಸೆಲ್ ಪಿಕಪ್ ಒಂದು ನನ್ನಲ್ಲಿದೆ. ಮೂರು ತಿಂಗಳಿಂದ ಅದಕ್ಕೊಂದು ವಿಚಿತ್ರ ರೋಗ ಹಿಡಿದಿದೆ. ಚೆನ್ನಾಗಿ ಓಡುತ್ತಿದ್ದ ಗಾಡಿ ಇದ್ದಕ್ಕಿದ್ದಂತೆ ಒಂದೇ ಗೇರಿನಲ್ಲಿ ನಿಂತುಬಿಡುತ್ತದೆ. ಮೀಟರಿನಲ್ಲಿ ‘ಡಿ’ ಅಕ್ಷರ ಮಿನುಗುತ್ತದೆ. ಹೊರಡುವಾಗ ಗಾಡಿ ಬಹಳ ಭಾರವಾಗಿ ಎಳೆಯುತ್ತದೆ. ಪಕ್ಕಕ್ಕೆ ನಿಲ್ಲಿಸಿ, ಕೀ ಆಫ್ ಮಾಡಿ, ಐದು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಏನೂ ಆಗಿಯೇ ಇಲ್ಲವೆಂಬಂತೆ ಓಡುತ್ತದೆ. ಹೀಗೆ ಏಳು ಸಲ ಆಗಿದೆ. ಐದು ಸಲ ಮಧ್ಯಾಹ್ನದ ಹೊತ್ತು, ಟೊಮೆಟೊ ಬಾಕ್ಸ್ ತುಂಬಿಕೊಂಡು ಕೋಲಾರದ ಎ.ಪಿ.ಎಂ.ಸಿ. ಮಾರುಕಟ್ಟೆಯ ಸಾಲಿನಲ್ಲಿ ಎ.ಸಿ. ಹಾಕಿಕೊಂಡು ಅಂಗುಲ ಅಂಗುಲವಾಗಿ ಸಾಗುವಾಗ; ಎರಡು ಸಲ ರಾತ್ರಿ, ಮಳೆಯಲ್ಲಿ, ಮುಳಬಾಗಿಲಿನ ಕಡೆಯಿಂದ ಖಾಲಿ ಗಾಡಿಯಲ್ಲಿ ಬರುವಾಗ ಊರೊಳಗಿನ ಟ್ರಾಫಿಕ್‌ನಲ್ಲಿ. ಮೊದಲ ಮೆಕ್ಯಾನಿಕ್ ಆಯಿಲ್ ಬದಲಿಸಿದರು. ಎರಡನೆಯವರು ಸೊಲೆನಾಯ್ಡ್ ಹೋಗಿದೆ ಎಂದರು. ಮೂರನೆಯವರು ಗೇರ್‌ಬಾಕ್ಸ್ ಇಳಿಸಿ ಪೂರ್ತಿ ಹೊಸದಾಗಿ ಕಟ್ಟಬೇಕು, 1,60,000 ರೂಪಾಯಿ ಆಗುತ್ತದೆ ಎನ್ನುತ್ತಾರೆ. ಮಾರನೆಯ ದಿನ ಗ್ಯಾರೇಜಿಗೆ ಹೋಗಿ ಸ್ಕ್ಯಾನರ್ ಹಾಕಿಸಿದರೆ ಈಗ ಯಾವ ದೋಷವೂ ಇಲ್ಲ ಎಂದು ಬರುತ್ತದೆ. ಏನು ಮಾಡಲಿ?

ಉತ್ತರ: ಆ 1,60,000 ರೂಪಾಯಿಯನ್ನು ಸದ್ಯಕ್ಕೆ ಮನೆಯಲ್ಲೇ ಇಟ್ಟುಕೊಳ್ಳಿ. ನಿಮ್ಮ ಗೇರ್‌ಬಾಕ್ಸ್ ಒಳಗೆ ಸವೆದಿಲ್ಲವೆಂದು ಬರೀ ಪತ್ರ ಓದಿ ನಾನು ಪ್ರಮಾಣ ಮಾಡಲಾರೆ. ಆದರೆ ಸವೆದಿದೆ ಎಂದವರ ಬಳಿಯೂ ಅದಕ್ಕೆ ಆಧಾರವಿದ್ದಂತೆ ಕಾಣುವುದಿಲ್ಲ. ನೀವೇ ಬರೆದಿರುವ ಎರಡು ಸಂಗತಿಗಳು ಬೇರೆ ದಿಕ್ಕನ್ನು ತೋರಿಸುತ್ತಿವೆ.

ಮೊದಲನೆಯದು, ಕೀ ಆಫ್ ಮಾಡಿದರೆ ದೋಷ ಮಾಯವಾಗುವುದು. ಆಟೋಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಗೇರ್ ಬದಲಾಗುವುದು ಆಯಿಲಿನ ಒತ್ತಡದಿಂದ. ಆ ಒತ್ತಡ ಯಾವ ಕ್ಲಚ್ಚಿಗೆ ಯಾವಾಗ ಹೋಗಬೇಕೆಂಬುದನ್ನು ಸೊಲೆನಾಯ್ಡ್ ಎಂಬ ಚಿಕ್ಕ ವಿದ್ಯುತ್ ಕವಾಟಗಳು ನಿರ್ಧರಿಸುತ್ತವೆ. ಸೊಲೆನಾಯ್ಡ್‌ಗಳಿಗೆ ಅಪ್ಪಣೆ ಕೊಡುವುದು ಗೇರ್‌ಬಾಕ್ಸಿನದೇ ಆದ ಒಂದು ಕಂಪ್ಯೂಟರ್. ಗೇರ್‌ಬಾಕ್ಸಿನ ಒಳಬರುವ ಶಾಫ್ಟ್ ಮತ್ತು ಹೊರಹೋಗುವ ಶಾಫ್ಟ್ ಎರಡರ ವೇಗವನ್ನೂ ಅದು ಸೆನ್ಸರ್‌ಗಳ ಮೂಲಕ ಬಿಡದೆ ನೋಡುತ್ತಿರುತ್ತದೆ. ಒಂದು ಗೇರಿನ ಅನುಪಾತ 2 ಎಂದಿಟ್ಟುಕೊಳ್ಳಿ: ಒಳಗಿನ ಶಾಫ್ಟ್ ನಿಮಿಷಕ್ಕೆ 2000 ಸುತ್ತು ತಿರುಗುತ್ತಿದ್ದರೆ ಹೊರಗಿನದು 1000 ಸುತ್ತು ತಿರುಗಲೇಬೇಕು. ಲೆಕ್ಕ ತಪ್ಪಿದರೆ, ಅಥವಾ ಸೆನ್ಸರಿನ ಸುದ್ದಿಯೇ ನಿಂತುಹೋದರೆ, ಅಥವಾ ತನಗೆ ಸಿಗುವ ವೋಲ್ಟೇಜ್ ಸಾಲದಾದರೆ ಕಂಪ್ಯೂಟರ್ ಅಪಾಯ ಬೇಡವೆಂದು ಸೊಲೆನಾಯ್ಡ್‌ಗಳಿಗೆ ವಿದ್ಯುತ್ ನಿಲ್ಲಿಸಿಬಿಡುತ್ತದೆ. ಆಗ ತಯಾರಕರು ಮೊದಲೇ ಗೊತ್ತುಮಾಡಿಟ್ಟ ಒಂದು ಗೇರ್, ಬಹುಮಟ್ಟಿಗೆ ಮೂರನೆಯದೋ ನಾಲ್ಕನೆಯದೋ, ತಾನಾಗಿ ಉಳಿಯುತ್ತದೆ. ಮೆಕ್ಯಾನಿಕ್‌ಗಳು ‘ಲಿಂಪ್ ಮೋಡ್’ ಎನ್ನುವುದು ಇದನ್ನೇ. ಮೂರನೆಯ ಗೇರಿನಲ್ಲಿ ನಿಂತ ಗಾಡಿಯನ್ನು ಎಳೆದರೆ ಭಾರವಾಗದೆ ಇನ್ನೇನಾದೀತು? ಕೀ ಆಫ್ ಮಾಡಿ ಆನ್ ಮಾಡಿದಾಗ ಕಂಪ್ಯೂಟರ್ ಹೊಸದಾಗಿ ಎಣಿಕೆ ಆರಂಭಿಸುತ್ತದೆ, ಆ ಕ್ಷಣದಲ್ಲಿ ಎಲ್ಲವೂ ಸರಿಯಿದ್ದರೆ ಗಾಡಿ ಮಾಮೂಲಿನಂತೆ ಓಡುತ್ತದೆ. ಆದ್ದರಿಂದ ನೀವು ಕಂಡದ್ದು ದೋಷವನ್ನಲ್ಲ, ದೋಷಕ್ಕೆ ಕಂಪ್ಯೂಟರ್ ಕೊಟ್ಟ ಪ್ರತಿಕ್ರಿಯೆಯನ್ನು. ಅದು ಏಕೆ ಹಾಗೆ ಮಾಡಿತೆಂಬುದನ್ನು ಕಂಡುಹಿಡಿಯುವುದೇ ಇಲ್ಲಿ ಇಡೀ ಕೆಲಸ.

ಎರಡನೆಯ ಸಂಗತಿ ನನಗೆ ಇನ್ನೂ ಮುಖ್ಯವಾಗಿ ಕಂಡಿತು. ಮಧ್ಯಾಹ್ನ ಐದು ಸಲ ಆಗಿದೆ ಎಂದೊಡನೆ ಎಲ್ಲರೂ ಬಿಸಿಯನ್ನು ದೂರುತ್ತಾರೆ. ಬಿಸಿಯೇ ಕಾರಣವಾಗಿದ್ದರೆ ಮಳೆಯ ರಾತ್ರಿ, ಖಾಲಿ ಗಾಡಿಯಲ್ಲಿ, ಎರಡು ಸಲ ಏಕೆ ಆಯಿತು? ಮಳೆಯ ನೀರು ಕಾರಣವೆಂದರೆ ಮಾರುಕಟ್ಟೆಯ ಬಿಸಿಲಿನಲ್ಲಿ ಏಕೆ ಆಯಿತು? ಈ ಎರಡು ಸಂದರ್ಭಗಳಿಗೂ ಸಮಾನವಾದದ್ದು ಒಂದಿದೆ. ಮಾರುಕಟ್ಟೆಯ ಸಾಲಿನಲ್ಲಿ ಎಂಜಿನ್ ಐಡ್ಲಿಂಗ್‌ನಲ್ಲಿದ್ದು ಎ.ಸಿ.ಯ ಬ್ಲೋವರ್ ಮತ್ತು ಫ್ಯಾನುಗಳು ಓಡುತ್ತಿದ್ದವು. ಮಳೆಯ ರಾತ್ರಿ ಊರೊಳಗೆ ಎಂಜಿನ್ ಐಡ್ಲಿಂಗ್‌ನಲ್ಲಿದ್ದು ಹೆಡ್‌ಲೈಟ್, ವೈಪರ್ ಓಡುತ್ತಿದ್ದವು. ಎರಡೂ ಕಡೆ ವಿದ್ಯುತ್ತಿನ ಬೇಡಿಕೆ ಹೆಚ್ಚು, ಎಂಜಿನ್ನಿನಿಂದ ತಿರುಗಿ ವಿದ್ಯುತ್ ಹುಟ್ಟಿಸುವ ಆಲ್ಟರ್ನೇಟರ್ ತಿರುಗುವ ವೇಗ ಕಡಿಮೆ. ಅಂದರೆ ಗೇರ್‌ಬಾಕ್ಸಿನ ಕಂಪ್ಯೂಟರಿಗೋ ಸೊಲೆನಾಯ್ಡ್‌ಗಳಿಗೋ ಆ ಹೊತ್ತಿಗೆ ಬೇಕಾದಷ್ಟು ವೋಲ್ಟೇಜ್ ಸಿಗುತ್ತಿಲ್ಲವೆಂಬುದು ನನ್ನ ಮೊದಲ ಗುಮಾನಿ. ಇದು ಗುಮಾನಿಯಷ್ಟೇ, ಆದರೆ ಇದನ್ನು ಪರೀಕ್ಷಿಸಲು ಒಂದು ಮಲ್ಟಿಮೀಟರ್ ಮತ್ತು ಒಂದು ಗಂಟೆ ಸಾಕು, ಗೇರ್‌ಬಾಕ್ಸ್ ಇಳಿಸಬೇಕಾಗಿಲ್ಲ.

ಬ್ಯಾಟರಿಯಿಂದ ಆರಂಭಿಸಿ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಬ್ಯಾಟರಿ 12.6 ವೋಲ್ಟಿನ ಆಸುಪಾಸಿನಲ್ಲಿರಬೇಕು, 12.2ಕ್ಕಿಂತ ಕೆಳಗಿದ್ದರೆ ಅದು ಅರ್ಧಂಬರ್ಧ ಚಾರ್ಜಿನಲ್ಲಿದೆ ಎಂದರ್ಥ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಬರಬೇಕು. ಆಮೇಲೆ ಐಡ್ಲಿಂಗ್‌ನಲ್ಲೇ ಎ.ಸಿ., ಹೆಡ್‌ಲೈಟ್, ವೈಪರ್ ಎಲ್ಲವನ್ನೂ ಹಾಕಿ ಮತ್ತೆ ನೋಡಿ. 13ಕ್ಕಿಂತ ಕೆಳಗೆ ಜಾರಿ ಅಲ್ಲೇ ಉಳಿದರೆ ಬೆಲ್ಟ್, ಆಲ್ಟರ್ನೇಟರ್, ಟರ್ಮಿನಲ್‌ಗಳನ್ನು ಸಂಶಯಿಸಬೇಕು. ಮೀಟರನ್ನು ಎ.ಸಿ. (ಪರ್ಯಾಯ ವಿದ್ಯುತ್) ವೋಲ್ಟ್‌ಗೆ ತಿರುಗಿಸಿ ಬ್ಯಾಟರಿಯ ಎರಡು ಕೊನೆಗಳಿಗೆ ಹಿಡಿದಾಗ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿದರೆ ಆಲ್ಟರ್ನೇಟರಿನ ಒಳಗಿನ ಡಯೋಡ್ ಕೆಟ್ಟಿರುವ ಸಾಧ್ಯತೆಯಿದೆ. ಆ ಏರಿಳಿತ ಸೆನ್ಸರ್‌ಗಳ ಸಂಕೇತದೊಳಗೆ ಬೆರೆತು ಕಂಪ್ಯೂಟರನ್ನು ದಾರಿ ತಪ್ಪಿಸುತ್ತದೆ. ಬ್ಯಾಟರಿಯ ಟರ್ಮಿನಲ್ ಸಡಿಲವಾಯಿತೆಂದು ನಡುವೆ ತಗಡಿನ ಚೂರು ತುರುಕಿ ಬಿಗಿದಿರುವ ಗಾಡಿಗಳನ್ನು ನಮ್ಮ ಕಡೆ ಎಷ್ಟೋ ನೋಡಿದ್ದೇನೆ. ಸ್ಟಾರ್ಟರ್ ಅದನ್ನು ಸಹಿಸಿಕೊಳ್ಳುತ್ತದೆ, ಗೇರ್‌ಬಾಕ್ಸಿನ ಕಂಪ್ಯೂಟರ್ ಸಹಿಸಿಕೊಳ್ಳುವುದಿಲ್ಲ.

ಇನ್ನು ಅರ್ಥ್ ವೈರ್, ಅಂದರೆ ವಿದ್ಯುತ್ತು ಗಾಡಿಯ ಮೈಯಿಂದ ಬ್ಯಾಟರಿಯ ನೆಗೆಟಿವ್‌ಗೆ ಮರಳುವ ಹಾದಿ. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯುತ್ತೇನೆ, ಏಕೆಂದರೆ ಇದೇ ವಿಷಯದಲ್ಲಿ ನಾನೊಮ್ಮೆ ಎಡವಿದ್ದೇನೆ. ಬಂಗಾರಪೇಟೆಯ ಕಡೆಯಿಂದ ಇಂಥದೇ ದೂರಿನ ಗಾಡಿಯೊಂದು ನನ್ನ ಬಳಿ ಬಂದಿತ್ತು; ಸ್ಕ್ಯಾನರಿನಲ್ಲಿ ಸೊಲೆನಾಯ್ಡ್ ಸರ್ಕ್ಯೂಟಿನ ದೋಷ ತಿಳಿಸುವ ಕೋಡ್ ಬಂತೆಂದು ನಾನು ಮಾಲೀಕರ ಖರ್ಚಿನಲ್ಲಿ ಸೊಲೆನಾಯ್ಡ್‌ಗಳನ್ನು ಬದಲಿಸಿ ಕಳಿಸಿದೆ. ಹನ್ನೆರಡು ದಿನಕ್ಕೆ ಗಾಡಿ ಮತ್ತೆ ಬಂತು, ಅದೇ ಕೋಡ್. ಕೊನೆಗೆ ನೋಡಿದರೆ ಛಾಸಿಗೆ ಕಪ್ಪು ಬಣ್ಣ ಹೊಡೆಸಿದವರು ಗೇರ್‌ಬಾಕ್ಸಿನಿಂದ ಛಾಸಿಗೆ ಬರುವ ಅರ್ಥ್ ಪಟ್ಟಿಯನ್ನು ಬಣ್ಣದ ಮೇಲೆಯೇ ಬೋಲ್ಟ್ ಮಾಡಿದ್ದರು. ಕೋಡ್ ಸುಳ್ಳು ಹೇಳಿರಲಿಲ್ಲ. ಸರ್ಕ್ಯೂಟ್ ಎಂದು ಅದು ಹೇಳಿದ್ದನ್ನು ನಾನು ಬಿಡಿಭಾಗ ಎಂದು ಓದಿಕೊಂಡಿದ್ದೆ. ಉಪ್ಪುಕಾಗದದಲ್ಲಿ ಉಜ್ಜಿ ಮತ್ತೆ ಬಿಗಿದ ಮೇಲೆ ಗಾಡಿ ಸರಿಹೋಯಿತು. ಸೊಲೆನಾಯ್ಡ್‌ಗಳ ಹಣವನ್ನು ನಾನೇ ಹೊರಬೇಕಾಯಿತು.

ಅರ್ಥ್ ಸರಿಯಿದೆಯೇ ಎಂದು ಕಣ್ಣಿನಲ್ಲಿ ನೋಡಿ ಹೇಳಲಾಗುವುದಿಲ್ಲ. ಓಮ್ ಅಳತೆಯೂ ಮೋಸ ಮಾಡುತ್ತದೆ, ಏಕೆಂದರೆ ಹತ್ತು ಎಳೆಗಳಲ್ಲಿ ಒಂಬತ್ತು ತುಂಡಾಗಿದ್ದರೂ ಮೀಟರಿನ ಚಿಕ್ಕ ಕರೆಂಟಿಗೆ ಉಳಿದ ಒಂದು ಎಳೆ ಸಾಕು. ಎಂಜಿನ್ ಓಡುತ್ತಿರುವಾಗ, ಲೈಟು ಮತ್ತು ಎ.ಸಿ. ಹಾಕಿ, ಮೀಟರನ್ನು ಡಿ.ಸಿ. ವೋಲ್ಟಿನಲ್ಲಿಟ್ಟು ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಕ್ಲ್ಯಾಂಪಿಗಲ್ಲ, ಇನ್ನೊಂದನ್ನು ಗೇರ್‌ಬಾಕ್ಸಿನ ಮೈಯ ಶುಭ್ರವಾದ ಜಾಗಕ್ಕೆ ಹಿಡಿಯಿರಿ. 0.1 ವೋಲ್ಟ್‌ವರೆಗೆ ಒಳ್ಳೆಯದು, 0.2 ದಾಟಿದರೆ ಆ ಹಾದಿಯಲ್ಲಿ ಎಲ್ಲೋ ತುಕ್ಕು ಅಥವಾ ಸಡಿಲವಿದೆ. ಹಾಗೆಯೇ ಎಂಜಿನ್ ಬ್ಲಾಕಿಗೆ, ಛಾಸಿಗೆ, ಕಂಪ್ಯೂಟರಿನ ಅರ್ಥ್ ವೈರಿಗೆ ಒಂದೊಂದಾಗಿ ನೋಡಿ. ಹಿಂದಿನ ಮಾಲೀಕರು ಹೆಚ್ಚುವರಿ ಲೈಟು, ದೊಡ್ಡ ಹಾರ್ನ್, ಆ್ಯಂಪ್ಲಿಫೈಯರ್ ಏನಾದರೂ ಹಾಕಿಸಿದ್ದರೆ ಅವುಗಳ ಅರ್ಥನ್ನು ಎಲ್ಲಿಗೆ ಕೊಟ್ಟಿದ್ದಾರೆಂದು ಹುಡುಕಿಸಿ; ಕೈಗೆ ಸಿಕ್ಕಿದ ಬೋಲ್ಟಿಗೆ ಸುತ್ತಿರುತ್ತಾರೆ, ಆ ಬೋಲ್ಟು ಕಂಪ್ಯೂಟರಿನದೇ ಆಗಿರುವುದೂ ಉಂಟು. ಪರೀಕ್ಷೆಗಾಗಿ ಬ್ಯಾಟರಿಯ ನೆಗೆಟಿವ್‌ನಿಂದ ಗೇರ್‌ಬಾಕ್ಸಿನ ಮೈಗೆ ಒಂದು ದಪ್ಪ ಕೇಬಲನ್ನು ನೇರವಾಗಿ ಹಾಕಿ, ಎಕ್ಸಾಸ್ಟ್ ಪೈಪಿಗೂ ತಿರುಗುವ ಶಾಫ್ಟಿಗೂ ತಾಗದಂತೆ ಕಟ್ಟಿ, ಕೆಲವು ವಾರ ಓಡಿಸಿದರೆ ಉತ್ತರ ತಾನಾಗಿ ಸಿಗುತ್ತದೆ.

ಇದರ ಜೊತೆಗೇ ಕೋಡ್ ಹಿಡಿಯುವ ಪ್ರಯತ್ನ ನಡೆಯಬೇಕು. ಗ್ಯಾರೇಜಿನಲ್ಲಿ ಸ್ಕ್ಯಾನರ್ ಏನೂ ತೋರಿಸದಿರುವುದಕ್ಕೆ ಎರಡು ಕಾರಣಗಳಿರಬಹುದು. ಅಗ್ಗದ ಸ್ಕ್ಯಾನರ್‌ಗಳು ಹೆಚ್ಚಾಗಿ ಎಂಜಿನ್ ಕಂಪ್ಯೂಟರನ್ನು ಮಾತ್ರ ಓದುತ್ತವೆ. ಅವು ತೋರಿಸಿದರೂ ಪಿ0700 ಎಂದು ತೋರಿಸುತ್ತವೆ, ಅದರ ಅರ್ಥ ‘ಗೇರ್‌ಬಾಕ್ಸಿನ ಕಂಪ್ಯೂಟರಿನಲ್ಲಿ ಏನೋ ಇದೆ, ಅಲ್ಲಿ ಕೇಳಿ’ ಎಂದಷ್ಟೇ. ಗೇರ್‌ಬಾಕ್ಸಿನ ಕಂಪ್ಯೂಟರಿನೊಳಗೆ ಹೋಗಿ, ಈಗಿನ ಕೋಡಿನ ಜೊತೆಗೆ ಹಳೆಯ ಮತ್ತು ಬಾಕಿಯಿರುವ ಕೋಡ್‌ಗಳನ್ನೂ ಓದಬಲ್ಲ ಸ್ಕ್ಯಾನರ್ ಬೇಕು. ಇನ್ನೊಂದು ಕಾರಣ, ಪ್ರತಿ ಸಲವೂ ನೀವು ಕೀ ಆಫ್ ಮಾಡಿ, ಒಂದು ದಿನ ಕಳೆದು ಹೋಗುತ್ತಿರುವುದು. ಮುಂದಿನ ಸಲ ಆದಾಗ ಸುರಕ್ಷಿತವಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಓಡುತ್ತಿರುವಂತೆಯೇ ಸ್ಕ್ಯಾನರ್ ಹಾಕಬೇಕು. ಅದಕ್ಕಾಗಿ ಒಂದು ಸ್ಕ್ಯಾನರನ್ನು ಕೆಲವು ದಿನದ ಮಟ್ಟಿಗೆ ಗಾಡಿಯಲ್ಲೇ ಇಟ್ಟುಕೊಳ್ಳುವ ಏರ್ಪಾಡನ್ನು ನಿಮ್ಮ ಮೆಕ್ಯಾನಿಕ್ ಜೊತೆ ಮಾಡಿಕೊಳ್ಳಿ. ಬ್ಯಾಟರಿಯ ವೈರನ್ನು ಮಾತ್ರ ಈ ನಡುವೆ ಕಳಚಬೇಡಿ, ಕೋಡ್ ಅಳಿಸಿಹೋಗಬಹುದು.

ಸಿಗುವ ಕೋಡ್ ಪಿ0562 ಆಗಿದ್ದರೆ ವೋಲ್ಟೇಜ್ ಕಡಿಮೆಯಾಯಿತೆಂದರ್ಥ, ನನ್ನ ಗುಮಾನಿ ನಿಜವಾಗುತ್ತದೆ. ಪಿ0705 ಎಂದರೆ ಗೇರ್ ಲಿವರ್ ಎಲ್ಲಿದೆಯೆಂದು ತಿಳಿಸುವ ಸ್ವಿಚ್ಚಿನ ಸರ್ಕ್ಯೂಟ್. ಈ ಸ್ವಿಚ್ ಸಾಮಾನ್ಯವಾಗಿ ಗೇರ್‌ಬಾಕ್ಸಿನ ಹೊರಮೈಯಲ್ಲೇ ಇದ್ದು, ನೀರು ಧೂಳು ಎಲ್ಲವನ್ನೂ ತಿನ್ನುತ್ತದೆ. ಪಿ0715 ಒಳಶಾಫ್ಟಿನ ವೇಗದ ಸೆನ್ಸರ್, ಪಿ0720 ಹೊರಶಾಫ್ಟಿನದು. ಪಿ0750ರಿಂದ ಆರಂಭವಾಗುವ ಗುಂಪು ಸೊಲೆನಾಯ್ಡ್‌ಗಳದು. ಇವೆಲ್ಲ ವೈರು, ಕನೆಕ್ಟರುಗಳನ್ನು ಮೊದಲು ನೋಡಿ ಎನ್ನುವ ಕೋಡ್‌ಗಳು. ಪಿ0730 ಬಂದರೆ ಮಾತ್ರ ಸ್ವಲ್ಪ ಯೋಚನೆಯ ವಿಷಯ, ಏಕೆಂದರೆ ಅದು ಅನುಪಾತದ ಲೆಕ್ಕ ತಪ್ಪಿದೆ ಎನ್ನುತ್ತದೆ; ಕ್ಲಚ್ ಜಾರಿದರೂ ಅದೇ ಬರುತ್ತದೆ, ಸೆನ್ಸರ್ ತಪ್ಪು ಸುದ್ದಿ ಕೊಟ್ಟರೂ ಅದೇ ಬರಬಹುದು.

ಆ ಎರಡನ್ನು ಬೇರ್ಪಡಿಸಲು ಸ್ಕ್ಯಾನರ್ ಹಾಕಿಕೊಂಡು, ಇನ್ನೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಗಾಡಿಯನ್ನು ನಿಜವಾಗಿ ಓಡಿಸಬೇಕು. ಒಳಶಾಫ್ಟಿನ ವೇಗ, ಹೊರಶಾಫ್ಟಿನ ವೇಗ, ಆಯಿಲಿನ ಉಷ್ಣತೆ, ವೋಲ್ಟೇಜ್ ಮತ್ತು ಕಂಪ್ಯೂಟರ್ ಕೇಳುತ್ತಿರುವ ಗೇರ್, ಈ ಐದನ್ನು ಪರದೆಯ ಮೇಲೆ ಇಟ್ಟುಕೊಂಡು ದಾಖಲಿಸಬೇಕು. ಗಾಡಿ ಓಡುತ್ತಿರುವಾಗಲೇ ಒಂದು ಶಾಫ್ಟಿನ ವೇಗ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಸೊನ್ನೆಗೆ ಬಿದ್ದು ಮತ್ತೆ ಏರಿದರೆ ಅದು ವೈರಿನ ಅಥವಾ ಸೆನ್ಸರಿನ ದೋಷ. ಕಬ್ಬಿಣದ ಶಾಫ್ಟು ಹಾಗೆ ನಿಂತು ಓಡಲಾರದು. ಅದರ ಬದಲು ಆಯಿಲ್ ಬಿಸಿಯಾಗುತ್ತ ಹೋದಂತೆ ಒಳಶಾಫ್ಟಿನ ವೇಗ ಲೆಕ್ಕಕ್ಕಿಂತ 50, 100, 300 ಸುತ್ತು ಹೀಗೆ ನಿಧಾನವಾಗಿ ಮೇಲೇರುತ್ತ ಹೋದರೆ ಕ್ಲಚ್ ಜಾರುತ್ತಿದೆ ಅಥವಾ ಒತ್ತಡ ಸಾಲುತ್ತಿಲ್ಲ. ಮೂರನೆಯ ಮೆಕ್ಯಾನಿಕ್ ಹೇಳಿದ್ದು ನಿಜವಾಗಬೇಕಾದರೆ ಕಾಣಬೇಕಾದದ್ದು ಇದು.

ಕನೆಕ್ಟರುಗಳ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಗೇರ್‌ಬಾಕ್ಸಿನ ಪಕ್ಕದ ದೊಡ್ಡ ಕನೆಕ್ಟರನ್ನು ಕೀ ಆಫ್ ಮಾಡಿ ಕಳಚಿ ನೋಡಿದರೆ ಪಿನ್ನುಗಳ ಮೇಲೆ ಹಸಿರು ಕಿಲುಬು, ಒಳಗಿನಿಂದ ವೈರಿನ ಗುಂಟ ಏರಿಬಂದ ಆಯಿಲ್, ವಾಟರ್ ಸರ್ವಿಸ್‌ನಲ್ಲಿ ಒತ್ತಡದಿಂದ ನುಗ್ಗಿದ ನೀರು, ಇವುಗಳಲ್ಲಿ ಒಂದಾದರೂ ಹಳೆಯ ಗಾಡಿಯಲ್ಲಿ ಸಿಗುವುದುಂಟು. ಮಾವಿನ ತೋಪಿನಲ್ಲಿ ನಿಲ್ಲುವ ಗಾಡಿಯಾದ್ದರಿಂದ ಇಲಿ ಕಡಿದ ವೈರನ್ನೂ ಹುಡುಕಿ. ಎಂಜಿನ್ ಓಡುತ್ತಿರುವಾಗ, ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ವೈರಿನ ಕಟ್ಟನ್ನು ಗೇಣು ಗೇಣಾಗಿ ಅಲುಗಾಡಿಸುತ್ತ ಸ್ಕ್ಯಾನರ್ ನೋಡುವುದು ಹಳೆಯ ವಿಧಾನವಾದರೂ ಇಂದಿಗೂ ಅದಕ್ಕಿಂತ ಚೆನ್ನಾದದ್ದು ನನಗೆ ಗೊತ್ತಿಲ್ಲ.

ಸೊಲೆನಾಯ್ಡ್ ಹೋಗಿದೆ ಎಂದ ಎರಡನೆಯವರು ಅದನ್ನು ಅಳೆದಿದ್ದರೇ ಎಂದು ಕೇಳಿ. ಅಳೆಯುವುದಿದ್ದರೆ ತಣ್ಣಗಿದ್ದಾಗ ಒಮ್ಮೆ, ಗಾಡಿ ಓಡಿ ಬಿಸಿಯಾದ ಕೂಡಲೇ ಒಮ್ಮೆ ಅಳೆಯಬೇಕು. ತಾಮ್ರದ ತಂತಿಯ ರೋಧ ಬಿಸಿಯೊಂದಿಗೆ ಏರುತ್ತದೆ: 25 ಡಿಗ್ರಿಯಲ್ಲಿ 15 ಓಮ್ ಇದ್ದ ಸುರುಳಿ 100 ಡಿಗ್ರಿಯಲ್ಲಿ 19 ಓಮ್ ದಾಟುವುದು ಸಹಜ, ಅದು ರೋಗವಲ್ಲ. ಬಿಸಿಯಾದಾಗ ಅಳತೆಯೇ ಸಿಗದೆ ಸರ್ಕ್ಯೂಟ್ ತೆರೆದಂತೆ ತೋರಿಸಿ, ತಣ್ಣಗಾದ ಮೇಲೆ ಮತ್ತೆ ಸರಿಯಾದರೆ ಸುರುಳಿ ಒಳಗೆ ತುಂಡಾಗಿದೆ. ಸರಿಯಾದ ಅಳತೆ ಎಷ್ಟಿರಬೇಕೆಂಬುದು ಮಾದರಿಯಿಂದ ಮಾದರಿಗೆ ಬೇರೆ. ನಿಮ್ಮ ಗಾಡಿಯ ಸರ್ವಿಸ್ ಮ್ಯಾನ್ಯುಯಲ್ ನೋಡಿಯೇ ತೀರ್ಮಾನಿಸಬೇಕು.

ಆಯಿಲ್ ಬದಲಿಸಿದ ಮೊದಲ ಮೆಕ್ಯಾನಿಕ್ ಮಟ್ಟವನ್ನು ಹೇಗೆ ನೋಡಿದರೆಂದೂ ವಿಚಾರಿಸಿ. ಈಗಿನ ಅನೇಕ ಗೇರ್‌ಬಾಕ್ಸುಗಳಲ್ಲಿ ಡಿಪ್‌ಸ್ಟಿಕ್ ಇರುವುದಿಲ್ಲ. ಗಾಡಿ ಸಮತಟ್ಟಾಗಿ ನಿಂತು, ಎಂಜಿನ್ ಓಡುತ್ತಿದ್ದು, ಗಾಡಿಯ ತಯಾರಕರು ಹೇಳಿದ ಉಷ್ಣತೆಗೆ ಆಯಿಲ್ ಬಂದಾಗ ಕೆಳಗಿನ ಪ್ಲಗ್ ತೆಗೆದರೆ ಹೆಚ್ಚಾದದ್ದು ಸಣ್ಣ ಧಾರೆಯಾಗಿ ಹರಿದು ನಿಲ್ಲಬೇಕು. ಒಂದೇ ಕಡೆಯ ಜಾಕ್ ಎತ್ತಿ, ಎಂಜಿನ್ ನಿಲ್ಲಿಸಿ ತುಂಬಿದರೆ ಲೆಕ್ಕ ತಪ್ಪುತ್ತದೆ, ಮೊದಲೇ ಇದ್ದ ದೋಷಕ್ಕೆ ಇನ್ನೊಂದು ಸೇರಿಕೊಳ್ಳುತ್ತದೆ. ಕೆಂಪಗಿರುವ ಆಯಿಲೆಲ್ಲ ಒಂದೇ ಅಲ್ಲ. ಮ್ಯಾನ್ಯುಯಲ್ಲಿನಲ್ಲಿ ಬರೆದ ದರ್ಜೆಯದೇ ಆಗಬೇಕು. ಹೊರಬಂದ ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದ್ದರೆ ಕ್ಲಚ್ ಸುಡುತ್ತಿದೆ. ಹಾಲು ಬೆರೆಸಿದಂತೆ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ರೇಡಿಯೇಟರಿನೊಳಗಿನ ಕೂಲರ್ ಒಡೆದು ನೀರು ಸೇರಿದೆ. ತಳದ ತಟ್ಟೆಯ ಅಯಸ್ಕಾಂತಕ್ಕೆ ಬೂದುಬಣ್ಣದ ನುಣುಪಾದ ಕೆಸರು ಅಂಟಿರುವುದು ವಯಸ್ಸಿಗೆ ತಕ್ಕದ್ದು. ಕೈಗೆ ಚುಚ್ಚುವ ಚೂರುಗಳು, ಕ್ಲಚ್ ಪ್ಲೇಟಿನ ಪದರಗಳು ಸಿಕ್ಕಿದರೆ, ಜೊತೆಗೆ ಮೇಲೆ ಹೇಳಿದಂತೆ ಬಿಸಿಯೊಂದಿಗೆ ಜಾರಿಕೆ ಏರುವುದು ದಾಖಲಾದರೆ, ಆಗ ಗೇರ್‌ಬಾಕ್ಸ್ ಇಳಿಸಲು ಒಪ್ಪಿಕೊಳ್ಳಿ. ಅಲ್ಲಿಯವರೆಗೆ ಬೇಡ.

ಪ್ರಶ್ನೆ: ನನ್ನ ಆಟೋಮ್ಯಾಟಿಕ್ ಪಿಕಪ್ಪೂ ಆಗಾಗ ಗೇರ್ ಬದಲಾಯಿಸುವಾಗ ತಡವರಿಸುತ್ತದೆ. ಯಂತ್ರದಿಂದ ಒತ್ತಡ ಕೊಟ್ಟು ಹಳೆಯ ಆಯಿಲನ್ನೆಲ್ಲ ತೊಳೆದು ತೆಗೆದರೆ ಸರಿಹೋಗುತ್ತದೆ ಎನ್ನುತ್ತಾರೆ. ಮಾಡಿಸಬಹುದೇ? – ಮಾಲೂರಿನ ಓದುಗರು

ಉತ್ತರ: ಎಷ್ಟು ಕಿಲೋಮೀಟರಿಗೆ ಹಿಂದೆ ಆಯಿಲ್ ಬದಲಿಸಿದ್ದೀರೆಂದು ನೀವು ಬರೆದಿಲ್ಲ. ಎಂದೂ ಬದಲಿಸದ ಹಳೆಯ ಗೇರ್‌ಬಾಕ್ಸಿಗೆ ಒತ್ತಡದಿಂದ ತೊಳೆಯುವುದನ್ನು ನಾನು ಒಪ್ಪುವುದಿಲ್ಲ. ತಳದಲ್ಲಿ ನೆಲೆಯೂರಿದ ಕಸ ಎದ್ದು ಕವಾಟಗಳ ಸಣ್ಣ ದಾರಿಗಳಲ್ಲಿ ಸಿಕ್ಕಿಕೊಳ್ಳಬಹುದು. ಪ್ಲಗ್ ತೆಗೆದು ಇಳಿದಷ್ಟನ್ನು ಇಳಿಸಿ, ತಟ್ಟೆ ಮತ್ತು ಫಿಲ್ಟರ್ ಬಿಚ್ಚಲು ಬರುವಂತಿದ್ದರೆ ಬಿಚ್ಚಿ ನೋಡಿ, ಅಷ್ಟೇ ಹೊಸ ಆಯಿಲ್ ತುಂಬಿಸಿ. ಎಂಜಿನ್ ಮತ್ತು ಗೇರ್‌ಬಾಕ್ಸನ್ನು ಆಯಿಲಿನ ಮೂಲಕ ಜೋಡಿಸುವ ಟಾರ್ಕ್ ಕನ್ವರ್ಟರಿನಲ್ಲಿ ಇರುವುದು ಹೊರಬರುವುದಿಲ್ಲವಾದ್ದರಿಂದ ಒಂದು ಸಲಕ್ಕೆ ಪೂರ್ತಿ ಬದಲಾಗದು, ಸಾವಿರ ಕಿ.ಮೀ. ಓಡಿಸಿ ಇನ್ನೊಮ್ಮೆ ಹಾಗೆಯೇ ಮಾಡಿ. ಒಂದು ಮಾತು ಕೇಳಬೇಕಿತ್ತು: ಗಂಟೆಗೆ 60ರಿಂದ 80 ಕಿ.ಮೀ. ವೇಗದಲ್ಲಿ, ಹಗುರವಾಗಿ ಆಕ್ಸಿಲರೇಟರ್ ಒತ್ತಿರುವಾಗ, ಸಾಲು ಉಬ್ಬುಗಳ ಮೇಲೆ ಓಡಿದಂತೆ ಗಾಡಿ ನಡುಗುತ್ತದೆಯೇ? ಹಿಂದೆ ವಾಹನವಿಲ್ಲದಾಗ ಹಾಗೆ ನಡುಗುತ್ತಿರುವಂತೆಯೇ ಎಡಗಾಲಿನ ಬೆರಳಿನಿಂದ ಬ್ರೇಕ್ ಪೆಡಲನ್ನು ಲೈಟ್ ಹತ್ತುವಷ್ಟು ಮಾತ್ರ ಮುಟ್ಟಿ ನೋಡಿ. ನಡುಕ ತಕ್ಷಣ ನಿಂತರೆ ಅದು ಟಾರ್ಕ್ ಕನ್ವರ್ಟರಿನ ಲಾಕ್ ಕ್ಲಚ್ಚಿನದು, ಮತ್ತು ಆ ತೊಂದರೆಗೆ ಹೊಸ ಆಯಿಲ್ ಹಲವು ಸಲ ಗುಣ ಕೊಡುತ್ತದೆ. ಗೇರ್ ತಡವರಿಸುವುದು ಬಂದು ಹೋಗುವ ದೋಷವಾಗಿದ್ದರೆ ಮೇಲಿನ ಉತ್ತರದಂತೆ ಮೊದಲು ಅರ್ಥ್ ವೈರ್ ನೋಡಿಸಿ.

ಪ್ರಶ್ನೆ: ಇಂಥ ಗಾಡಿ ಹೆದ್ದಾರಿ 75ರಲ್ಲಿ ಪೂರ್ತಿ ನಿಂತುಹೋದರೆ ಹಗ್ಗ ಕಟ್ಟಿ ಎಳೆಯಬಹುದೇ? – ಮುಳಬಾಗಿಲಿನ ಓದುಗರು

ಉತ್ತರ: ಎಂಜಿನ್ ನಿಂತಿದ್ದರೆ ಬೇಡ. ಗೇರ್‌ಬಾಕ್ಸಿನೊಳಗೆ ಆಯಿಲ್ ಹರಿಸುವ ಪಂಪನ್ನು ತಿರುಗಿಸುವುದು ಎಂಜಿನ್. ಅದು ನಿಂತಿರುವಾಗ ಚಕ್ರಗಳು ಮಾತ್ರ ತಿರುಗಿದರೆ ಒಳಗಿನ ಗೇರುಗಳು ಆಯಿಲಿಲ್ಲದೆ ಉಜ್ಜುತ್ತವೆ. ಲಿವರನ್ನು ನ್ಯೂಟ್ರಲ್‌ಗೆ ಹಾಕಿದರೂ ಇದು ತಪ್ಪುವುದಿಲ್ಲ. ನಾಲ್ಕು ಚಕ್ರಗಳೂ ಮೇಲಿರುವಂತೆ ಟೋಯಿಂಗ್ ಗಾಡಿಯ ಮೇಲೆ ಹೇರಿಸುವುದು ಎಲ್ಲಕ್ಕಿಂತ ಒಳ್ಳೆಯದು. ಅದು ಸಿಗದಿದ್ದರೆ, ಹಿಂದಿನ ಚಕ್ರಗಳಿಗೆ ಮಾತ್ರ ಶಕ್ತಿ ಹೋಗುವ ಪಿಕಪ್ಪಿನಲ್ಲಿ ಹಿಂದಿನ ಚಕ್ರಗಳನ್ನು ಎತ್ತಿಸಿ, ಇಲ್ಲವೇ ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆಗೆ ಹೋಗುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ಕಳಚಿಸಿ ಎಳೆಸಿ. ಕಳಚುವ ಮೊದಲು ಎರಡು ಕಡೆಯ ಫ್ಲ್ಯಾಂಜ್‌ಗಳಿಗೂ ಸೀಮೆಸುಣ್ಣದ ಗುರುತು ಹಾಕಿದರೆ ಮತ್ತೆ ಜೋಡಿಸುವಾಗ ಮೊದಲಿದ್ದಂತೆಯೇ ಕೂರುತ್ತದೆ.